ಕಡಲಿಗೆ ಬದು ಹಾಕಿದವರು

ತಮಿಳು ಸೀಮೆಯ ಕಂಬಂ ಕಣಿವೆಯಲ್ಲಿ ಕನ್ನಡ ಮಾತಾಡುವ ನಮ್ಮ ಒಕ್ಕಲು ಜನಕ್ಕೆ ಮಣ್ಣಿನ ವಿಷಯದಲ್ಲಿ ಯಾರೂ ಬುದ್ಧಿ ಹೇಳುವಂತಿರಲಿಲ್ಲ. ಹಳ್ಳ ಹೊಲವನ್ನು ಕೊರೆದರೆ ಮನೆಗೊಬ್ಬ ಆಳು ಗುದ್ದಲಿ, ಮಂಕರಿ ಹಿಡಿದು ಬರಬೇಕು. ಒಣಗಿದ ಕೆರೆಯ ಗೋಡುಮಣ್ಣನ್ನು ಹೊತ್ತು ತಂದು ಕೊರೆದ ಕಡೆ ತುಂಬಿ, ದಿಮ್ಮಸಿನಿಂದ ಬಡಿದು, ಸಂಜೆಗೆ ಒಟ್ಟಿಗೆ ಕೂತು ಉಣ್ಣಬೇಕು. ಆಳು ಕಳಿಸದ ಮನೆಯವರಿಗೆ ಮುಂದಿನ ಮದುವೆಯಲ್ಲಿ ಎಲೆಯಡಿಕೆ ಇಲ್ಲ. ಈ ಪದ್ಧತಿಯಿಂದ ನಮ್ಮ ಹೊಲಗಳು ಉಳಿದದ್ದು ನಿಜ. ಪಾಂಬನ್ ದ್ವೀಪದ ಒಂದು ದಡದ ಹವಳವೆಲ್ಲ ಇದೇ ಪದ್ಧತಿಯಿಂದ ಸತ್ತದ್ದೂ ನಿಜ. ಎರಡನೆಯದನ್ನು ನಮ್ಮವರು ಇವತ್ತಿಗೂ ಒಪ್ಪುವುದಿಲ್ಲ. ಸತ್ತದ್ದು ಕಲ್ಲು ತಾನೆ, ಕಲ್ಲು ಸಾಯುತ್ತದೆಯೆ ಎನ್ನುತ್ತಾರೆ.

ರಾಮೇಶ್ವರದ ಯಾತ್ರೆಗೆ ಹೋಗುವ ನಮ್ಮ ಜನ ಇಳಿದುಕೊಳ್ಳಲೆಂದು ಹಿರಿಯರು ಆ ದ್ವೀಪದ ತೆಂಕಣ ದಡದಲ್ಲಿ ಒಂದು ಛತ್ರ ಕಟ್ಟಿಸಿದ್ದರು. ಕಡಲು ದಡವನ್ನು ತಿಂದು ಮೆಟ್ಟಿಲ ಹತ್ತಿರ ಬಂದಿದೆ ಎಂದು ಛತ್ರ ನೋಡಿಕೊಳ್ಳುವವನು ಹೇಳಿಕಳಿಸಿದ. ಸಾವಿರದ ಎಂಟುನೂರ ತೊಂಬತ್ತಾರನೆಯ ಇಸವಿಯೋ ತೊಂಬತ್ತೇಳೋ. ನನ್ನ ಇಸವಿಗಳನ್ನು ನಾನೇ ನಂಬುವುದಿಲ್ಲ. ಬೆಟ್ಟ ಕೊರೆದು ಪಡುವಣ ಹೊಳೆಯನ್ನು ಕಣಿವೆಗೆ ತಿರುಗಿಸಿದ ಹೊಸತು ಎಂಬುದಂತೂ ಖಂಡಿತ, ಏಕೆಂದರೆ ಪೆರಿಯಕುಳದ ನಮ್ಮ ಸೋದರಮಾವನ ಜಗಲಿಯಲ್ಲಿ ಆ ದಿನ ಬೇರೆ ಮಾತೇ ಇರಲಿಲ್ಲ.

"ಹೊಳೇನೇ ತಿರುಗ್ಸವ್ರೆ. ಕಡ್ಲೇನು ದೊಡ್ಡ ಸಂಗ್ತಿ?" ಎಂದ ಮಾವ.

"ತಿರುಗಿಸಿದ್ದು ಬಿಳಿ ದೊರೆಗಳು ಮಾವ, ನಾವಲ್ಲ."

"ಕಲ್ಲು ಹೊತ್ತೋರು ಯಾರ್ಲಾ ಮಾಪ್ಳೆ? ದೊರೆ ಹೊತ್ನಾ?" ಜಗಲಿಯೆಲ್ಲ ನಕ್ಕಿತು. "ಮನೆಗೊಂದಾಳು. ನೀನೂ ಬಾ. ಮದ್ರಾಸಲ್ಲಿ ಬಿ.ಎ. ಓದ್ದೋನು, ಕಡ್ಲ ಆಳ ಅಳ್ದು ಹೇಳು."

"ಅವ್ನು ಅಳ್ದು ಮುಗ್ಸೋ ಹೊತ್ತಿಗೆ ಕಡ್ಲೇ ಬತ್ತೋಯ್ತದೆ," ಎಂದ ಮೂಲೆಯಲ್ಲಿ ಕೂತಿದ್ದ ಒಬ್ಬ ಮುದುಕ.

ಕೊಯ್ಲು ಮುಗಿದು ಬೇಸಿಗೆ ಹತ್ತಿದ ಪಂಗುನಿ ತಿಂಗಳು. ಗಾಡಿಗಳಲ್ಲಿ ಮಧುರೆ ದಾಟಿ, ಕಡಲಂಚಿನ ಮಂಡಪಂ ಊರಿನಲ್ಲಿ ದೋಣಿ ಹತ್ತಿ ಮೂವತ್ತು ಗಂಡಸರು ಕಡಲನ್ನು ರಿಪೇರಿ ಮಾಡಲು ಹೋದೆವು. ದಿಮ್ಮಸುಗಳೂ ದೋಣಿ ಹತ್ತಿದವು.

ಛತ್ರದ ಎದುರು, ನೀರು ಇಳಿದ ಹೊತ್ತಿನಲ್ಲಿ, ಒಬ್ಬ ಮುದುಕಿ ಕಬ್ಬಿಣದ ಕೊಕ್ಕೆ ಹಿಡಿದು ಹವಳದ ಕಲ್ಲುಗಳ ನಡುವೆ ಬಗ್ಗಿ ನಡೆಯುತ್ತಿದ್ದಳು. ಸಂದಿಗಳಲ್ಲಿ ಅಡಗಿದ ಏಡಿಯನ್ನೂ ಎಂಟು ತೋಳಿನ ಕಣವಾಯಿಯನ್ನೂ ಎಳೆದು ತೆಗೆದು ಸೊಂಟದ ಬುಟ್ಟಿಗೆ ಹಾಕುತ್ತಿದ್ದಳು. ದೋಣಿಯಿಲ್ಲ, ಗಂಡನಿಲ್ಲ. ಮೊಣಕಾಲುದ್ದದ ಆ ನೀರೊಂದೇ ಅವಳ ಒಲೆ ಉರಿಸುತ್ತಿತ್ತು. ನಮ್ಮ ಮಂಕರಿಗಳನ್ನು ನೋಡಿ ಮೇಲೆ ಬಂದಳು. ನಾವು ಅವಳ ಜೊತೆ ತಮಿಳಿನಲ್ಲೇ ಮಾತಾಡಿದೆವು.

"ದಡ ಯಾಕೆ ಹೋಯ್ತು ಗೊತ್ತೇ ಸಾಮಿ? ನಿಮ್ಮ ಛತ್ರದ ಗೋಡೆ ಯಾವ ಕಲ್ಲು, ನೋಡಿ," ಎಂದಳು. ಗೋಡೆಯ ಗಾರೆ ಉದುರಿದ ಕಡೆ ಹವಳದ ಕಲ್ಲಿನ ಹೂವುಗಳು ಕಾಣುತ್ತಿದ್ದವು. "ಅಲೆ ತಡೆಯೋ ಕಲ್ಲನ್ನ ಕಿತ್ತು ಮನೆ ಕಟ್ಟಿದಿರಿ. ಕಿತ್ತ ಜಾಗದಿಂದಲೇ ಅಲೆ ಒಳಗೆ ಬರ್ತದೆ. ಈಗ ಮರಳು ಹಾಕ್ತೀರಾ, ಹಾಕಿ. ಕೆಸರು ಮಾತ್ರ ಬೇಡ. ಕೆಸರಿಗೆ ಕಲ್ಲು ಉಸಿರು ಕಟ್ಟಿ ಸಾಯ್ತದೆ."

"ಕಲ್ಲಿಗೆ ಮೂಗು ಎಲ್ಲಿದೆ ಪಾಟಿ?" ಎಂದು ಅಜ್ಜಿಯನ್ನು ಕೇಳಿದ ನಮ್ಮವನೊಬ್ಬ.

"ಅದರ ಮೂಗು ಬಿಡು. ಸತ್ತ ಕಲ್ಲಿನ ನಾತ ಬಂದಾಗ ನಿನ್ನ ಮೂಗು ಎಲ್ಲಿದೆ ಅಂತ ಗೊತ್ತಾಗ್ತದೆ."

ಮುದುಕಿ ಕೇಳಿಕೊಂಡದ್ದು ಇಷ್ಟೇ: ದಡದ ಒರಟು ಮರಳು ತನ್ನಿ, ಇಲ್ಲವೆ ಸುಮ್ಮನಿರಿ. ಆದರೆ ಮರಳನ್ನು ನಂಬುವ ಒಕ್ಕಲಿಗ ಹುಟ್ಟಿಲ್ಲ. "ಮಳ್ಳು ನಿಲ್ಲಾಕಿಲ್ಲ. ಗೋಡು ಕಚ್ಕಂಡು ನಿಲ್ತದೆ," ಎಂದ ಮಾವ. ಅಂಥ ಗೋಡು ಅವನಿಗೆ ದ್ವೀಪದ ಬಡಗಣ ದಡದ ಹಿನ್ನೀರಿನಲ್ಲಿ ಸಿಕ್ಕಿತು. ಕಡಲಹುಲ್ಲು ಬೆಳೆದ ತಿಳಿನೀರಿನ ತಳದಲ್ಲಿ ನುಣ್ಣಗಿನ ಬಿಳಿ ಕೆಸರು. ನಮ್ಮೂರಿನ ಕೆರೆಯೇ ಇಲ್ಲಿಗೆ ಬಂದಿದೆ ಎಂಬಂತೆ ಅವರ ಮುಖಗಳು ಅರಳಿದವು.

ಇಲ್ಲಿ ನನ್ನ ನೆನಪು ಎಡವುತ್ತದೆ. ನಾನು ಎರಡು ಚೊಂಬು ನೀರು ತಂದು, ಒಂದರಲ್ಲಿ ಮರಳನ್ನೂ ಇನ್ನೊಂದರಲ್ಲಿ ಕೆಸರನ್ನೂ ಕಲಕಿದ್ದು ಖಂಡಿತ. ಮರಳು ಆಗಲೇ ತಳ ಸೇರಿತು. ಕೆಸರಿನ ಚೊಂಬು ನಾವು ಉಂಡು ಎದ್ದರೂ ಹಾಲಿನಂತೆಯೇ ಇತ್ತು. "ಇದು ನೀರಿನಲ್ಲಿ ಕೂರುವುದಿಲ್ಲ, ಹರಡುತ್ತದೆ, ಮುದುಕಿ ಹೇಳಿದ್ದು ಸರಿ" ಎಂದು ನಾನು ಎಚ್ಚರಿಸಿದೆ. ಹೀಗೆಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇನೆ. ಮಾವ ಹೇಳುವುದೇ ಬೇರೆ. ನಾನು ಕೆಸರನ್ನು ಎರಡು ಬೆರಳಲ್ಲಿ ತಿಕ್ಕಿ, "ಬೆಣ್ಣೆ ಮಾವ, ಬೆಣ್ಣೆ" ಎಂದೆನಂತೆ. ಓದಿದವನ ಆ ಒಂದು ಮಾತಿನಿಂದಲೇ ಕೆಲಸ ಶುರುವಾಯಿತಂತೆ. ಮಾವ ಸುಳ್ಳು ಹೇಳುವವನೇ. ಆದರೆ ಇಂಥ ಸುಳ್ಳಿಗೆ ಬೇಕಾದ ಕಲ್ಪನೆ ಅವನಲ್ಲಿ ಎಂದೂ ಇರಲಿಲ್ಲ, ಅದೇ ನನಗೆ ತೊಡಕು.

ಹದಿನೈದು ದಿನ ಹೊತ್ತರು. ಹಿನ್ನೀರಿನ ಹುಲ್ಲನ್ನೆಲ್ಲ ಬೇರುಸಹಿತ ಕಿತ್ತು ರಾಶಿ ಹಾಕಿದರು. ಅದರಲ್ಲಿ ಮರಿಮೀನುಗಳು ವಿಲವಿಲ ಒದ್ದಾಡಿದವು. ನಮ್ಮ ಕಣಿವೆಯ ಓಡೈಪಟ್ಟಿಯ ಒಬ್ಬ ಬುದ್ಧಿವಂತ ಅದನ್ನೇ ಎರಡು ಚೀಲ ತುಂಬಿ ಗೊಬ್ಬರಕ್ಕೆಂದು ಊರಿಗೆ ಒಯ್ದ, ಅದರ ಉಪ್ಪಿನಿಂದ ತನ್ನ ಮೆಣಸಿನ ಮಡಿಯನ್ನು ಸುಟ್ಟುಕೊಂಡ. ದಡದಲ್ಲಿ ಕೆಸರು ಸುರಿದು, ಬಡಿದು, ಒಣಗಿಸಿ, ಮತ್ತೆ ಬಡಿದರು. ಕೊನೆಗೆ ಅದು ರಾಗಿ ಒಕ್ಕುವ ಕಣದಂತೆ ಗಟ್ಟಿಯಾಯಿತು. ಸಗಣಿ ಸಾರಿಸುವುದೊಂದು ಬಾಕಿ.

ಹೊರಡುವ ದಿನ ಬೆಳಿಗ್ಗೆ ಮುದುಕಿ ನನ್ನನ್ನು ಕರೆದು ದಡ ತೋರಿಸಿದಳು. ಆಮೆಯೊಂದು ಮೊಟ್ಟೆಯಿಡಲು ಮೇಲೆ ಬಂದಿತ್ತು. ಮೂರು ಕಡೆ ಕೆರೆದಿತ್ತು. ಉಗುರಿನ ಗೀರು ಮಾತ್ರ ಬಿದ್ದಿತ್ತು. ಬಂದ ದಾರಿಯ ಪಕ್ಕದಲ್ಲೇ ನೀರಿಗೆ ಹಿಂದಿರುಗಿದ ಗುರುತಿತ್ತು. ಮಾವ ಅದನ್ನು ನೋಡಿ ಹಿಗ್ಗಿದ. "ಆಮೆ ಕೈಲೇ ಆಗ್ನಿಲ್ಲ ನೋಡು. ಕಡ್ಲ ಕೈಲಿ ಆಯ್ತದಾ?"

ಆಷಾಢದ ಆಡಿ ಗಾಳಿಯ ಕೈಲಿ ಆಯಿತು. ಗಾಳಿ ನಿಂತ ಮೇಲೆ ಛತ್ರ ನೋಡಿ ಬರಲು ನನ್ನನ್ನು ಕಳಿಸಿದರು. ಕಣ ಹೋಳುಹೋಳಾಗಿ ಒಡೆದು ಕರಗಿತ್ತು. ನೀರು ಹಾಲುಗಂಜಿಯಂತಿತ್ತು. ಚೊಂಬಿನಲ್ಲಿ ಕಂಡದ್ದೇ ಈಗ ಕಣ್ಣು ಹಾಯುವಷ್ಟು ದೂರ. ನೀರು ಇಳಿದಾಗ ಕಲ್ಲುಗಳ ಮೇಲೆ ಬಿಳಿ ಕೆಸರು ಕೂತದ್ದು ಕಂಡಿತು, ಕೆಸರು ಜಾರಿದ ಕಡೆ ಹಸಿರು ಪಾಚಿ. ಸಂದಿಗಳೆಲ್ಲ ಮುಚ್ಚಿದ್ದವು. ನಾತ ಛತ್ರದ ಅಡುಗೆಮನೆಯವರೆಗೂ ಬರುತ್ತಿತ್ತು. ಮುದುಕಿ ಕೊಕ್ಕೆಯಿಂದ ಒಂದು ಸಂದಿ ಕೆದಕಿದಳು; ಕೆಸರು ಬಂತು. ಇನ್ನೊಂದು ಕೆದಕಿದಳು, ಕೆಸರು.

"ನಾನು ಅವರಿಗೆ ಬೇಡವೆಂದೇ ಹೇಳಿದ್ದೆ," ಎಂದೆ.

ಅವಳು ನನ್ನ ಮುಖ ನೋಡಿದಳು. "ನಿಮ್ಮ ಭಾಷೆ ನನಗೆ ಬಾರದು ತಂಬಿ. ನೀನು ಚೊಂಬು ತೋರಿಸಿ ಏನೋ ಹೇಳಿದೆ. ಅವರು ನಕ್ಕರು. ನೀನೂ ನಕ್ಕೆ. ಆಮೇಲೆ ಮಂಕರಿ ಎತ್ತಿದರು."

ನಾನು ನಕ್ಕಿದ್ದೆನೆ? ಕಾಲೇಜಿನಲ್ಲಿ ತರ್ಕದಲ್ಲಿ ಪದಕ ಗೆದ್ದವನು ಕಾಲಿನ ಕೆಸರನ್ನು ಅದೇ ಕಲ್ಲಿಗೆ ಒರೆಸಿ ಛತ್ರದ ಮೆಟ್ಟಿಲ ಕಡೆ ನಡೆದೆ.

ಊರಿಗೆ ಬಂದು ಇದನ್ನೆಲ್ಲ ಹೇಳಿದೆ. ಜಗಲಿಯವರು ಕೇಳಿ, ಯೋಚಿಸಿ, ಕೆಸರು ಸಾಲದಾಗಿತ್ತು ಎಂದು ತೀರ್ಮಾನಿಸಿದರು. ಮರುವರ್ಷ ಮನೆಗೆ ಇಬ್ಬರು ಆಳು. ನಾನು ಹೋದೆ, ಹೋಗದಿದ್ದರೆ ಎಲೆಯಡಿಕೆ ತಪ್ಪುತ್ತಿತ್ತು ಎಂದು ನನಗೇ ಹೇಳಿಕೊಂಡಂತೆ ನೆನಪು.

ಹಿನ್ನೀರಿನ ಹಳೆಯ ಗುಂಡಿಯಲ್ಲಿ ಗೋಡು ತೀರಿತ್ತು. ಹೊಸ ಜಾಗ ತೋರಿಸಲು ಕೂಲಿಗೆ ಹಿಡಿದದ್ದು ಆ ಮುದುಕಿಯನ್ನೇ. ಎಲ್ಲಿ ಕೆಸರು ಮೆತ್ತಗಿದೆ, ಎಲ್ಲಿ ಆಳವಿದೆ ಎಂಬುದು ಅವಳ ಕಾಲಿಗೆ ಗೊತ್ತಿತ್ತು. ಕೊಕ್ಕೆಯನ್ನು ಊರುಗೋಲು ಮಾಡಿಕೊಂಡು ಮುಂದೆ ನಡೆಯುತ್ತಿದ್ದಳು. ಬರುವಾಗ ತಲೆಯ ಮೇಲೆ ತುಂಬಿದ ಮಂಕರಿ.

"ನಮ್ ಆಳ್ಗಳಿಗಿಂತ ವಾಸಿ ಕಣ್ಲಾ," ಎಂದ ಮಾವ.

ಕೆಸರಿನ ಮೇಲೆ ಹಾಸಿದ್ದ ಹಲಗೆಯ ದಾರಿಯಲ್ಲಿ ಅವಳಿಗೆ ಎದುರಾದೆ. "ಎಲ್ಲ ಗೊತ್ತಿದ್ದೂ ನೀನೇ ತೋರಿಸುತ್ತೀಯಲ್ಲ?" ಎಂದೆ. ಇದನ್ನು ಕೇಳುವ ಧೈರ್ಯ ಎಲ್ಲಿಂದ ಬಂತೋ.

"ಕಲ್ಲು ಸತ್ತಾಯ್ತು ತಂಬಿ. ಹೊಟ್ಟೆ ಇನ್ನೂ ಸತ್ತಿಲ್ಲ," ಎಂದಳು. ಮಂಕರಿಯಿಂದ ಬಿಳಿ ನೀರು ಅವಳ ಹಣೆಯ ಮೇಲೆ ಇಳಿಯುತ್ತಿತ್ತು. "ದಾರಿ ಬಿಡು, ಸೋರ್ತಾ ಇದೆ."

ಹಲಗೆಯಿಂದ ಕೆಳಗಿಳಿದು ದಾರಿ ಬಿಟ್ಟೆ.