ಅಪ್ಪ ಹೊರಬಿದ್ದ ಹೊತ್ತು

ಅಪ್ಪನ ಒಂದು ಕಣ್ಣಿನ ಪೊರೆ ತೆಗೆಸಿ ಇನ್ನೂ ವಾರ ತುಂಬಿರಲಿಲ್ಲ. ನನ್ನ ತವರೂರಾದ ಆರಗದಿಂದ ಮಿರಜಿಗೆ ಕರೆತಂದು ನಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದೆವು. ನಾನು ಬೆಳಿಗ್ಗೆ ಏಳೂವರೆಗೆ ಸಾಂಗ್ಲಿಯ ಶಾಲೆಗೆ ಹೊರಟರೆ ತಿರುಗಿ ಬರುವುದು ಮಧ್ಯಾಹ್ನ. ನನ್ನ ಗಂಡ ಪೇಟೆಯ ಬಟ್ಟೆ ಅಂಗಡಿಯಲ್ಲಿರುತ್ತಿದ್ದರು. ನಡುವೆ ಕಣ್ಣಿಗೆ ಹನಿ ಹಾಕುವ ಕೆಲಸವನ್ನು ಪಕ್ಕದ ಮನೆಯ ಕಾಕು ವಹಿಸಿಕೊಂಡಿದ್ದರು. ಎಪ್ಪತ್ತು ದಾಟಿದ ಮರಾಠಿ ಹೆಂಗಸು. ನಮ್ಮ ಜೊತೆ ಇದ್ದು ಇದ್ದು ಕನ್ನಡ ಕಲಿತವರು.

ಅಂದು ಶಾಲೆಯಿಂದ ಬಂದಾಗ ಬಾಗಿಲು ಬರೀ ಮುಂದೆ ಮಾಡಿತ್ತು. ಮಂಚದ ಮೇಲೆ ಅಪ್ಪ ಇರಲಿಲ್ಲ. ಅವರ ಫೋನು ದಿಂಬಿನ ಪಕ್ಕದಲ್ಲೇ ಇತ್ತು. ಬಚ್ಚಲು, ಹಿತ್ತಲು, ಮಾಳಿಗೆ ಎಲ್ಲ ನೋಡಿದೆ. ಗೂಟಕ್ಕೆ ತೂಗುಹಾಕಿದ್ದ ಕೈಚೀಲವೂ ಇರಲಿಲ್ಲ.

ಕಾಕುವನ್ನು ಕೂಗಿದೆ.

“ಹನ್ನೊಂದಕ್ಕ ಹನಿ ಹಾಕಿ ಬಂದೇನಲ್ಲಾ,” ಎಂದರು ಅವರು. “ಆರಾಮ ಮಲಗಿದ್ರು. ಬಾಬಾ ಎಲ್ಲಿ ಹೋದ್ರು?”

ನಾನು ಫೋನು ಮಾಡಿದ ಕೂಡಲೇ ಗಂಡ ಸ್ಕೂಟರ್ ಮೇಲೆ ಬಂದರು. ಗೇಟಿನ ಮೇಲೆ ನಾವು ಒಂದು ಕ್ಯಾಮೆರಾ ಹಾಕಿಸಿದ್ದೆವು. ಅದರ ರೆಕಾರ್ಡರ್ ಟಿವಿಯ ಕೆಳಗಿನ ಹಲಗೆಯ ಮೇಲಿತ್ತು. ಅವರು ಟಿವಿ ಹಚ್ಚಿ ಅಂದಿನ ಚಿತ್ರವನ್ನು ಓಡಿಸಿದರು. ಅಪ್ಪ ಕಂಡರು. ಬಿಳಿ ಧೋತರ, ಒಂದು ಕಣ್ಣಿನ ಮೇಲೆ ಪಟ್ಟಿ, ಬಗಲಲ್ಲಿ ಚೀಲ. ಗೇಟಿನ ಕೊಂಡಿಗಾಗಿ ಗಾಳಿಯಲ್ಲಿ ತಡಕಾಡಿ, ಸಿಕ್ಕ ಮೇಲೆ ತೆಗೆದು, ಬಲಕ್ಕೆ ಹೊರಳಿ ಹೋದರು. ಪರದೆಯ ಮೂಲೆಯಲ್ಲಿ ವೇಳೆ ಒಂಬತ್ತೂವರೆ ಎಂದಿತ್ತು.

“ಒಂಬತ್ತೂವರೆಗೆ ಹೋಗ್ಯಾರ,” ಎಂದರು ಗಂಡ.

“ಅಲ್ಲ, ನಾ ಹನ್ನೊಂದಕ್ಕ…” ಎಂದರು ಕಾಕು.

“ಕಾಕು, ಅದು ನಿನ್ನಿ ಮಾತಿರಬೇಕ್ರಿ. ಮಷೀನ್ ಯಾಕ ಸುಳ್ಳ ಹೇಳತೈತಿ?” ಎಂದರು ಗಂಡ.

ತಮ್ಮ ನೆನಪಿನ ಮೇಲೆ ಕಾಕುವಿಗೇ ಸಂಶಯ ಬಂದದ್ದು ಮುಖದಲ್ಲಿ ಕಾಣುತ್ತಿತ್ತು.

ಆರಗದಲ್ಲಿದ್ದ ತಮ್ಮನಿಗೆ ಫೋನು ಮಾಡಿದೆ. “ಇಲ್ಲಿ ಬಂದಿಲ್ಲಕ್ಕಾ,” ಎಂದ. ಒಂಬತ್ತೂವರೆಗೆ ಮನೆ ಬಿಟ್ಟವರು ಬಸ್ಸು ಹಿಡಿದಿದ್ದರೆ ಯಾವಾಗಲೋ ಊರು ಮುಟ್ಟಬೇಕಿತ್ತು. ಮುಟ್ಟಿಲ್ಲ. ಹಾಗಾದರೆ ಬಸ್ಸು ಹಿಡಿದಿಲ್ಲ. ನಮ್ಮ ಗೇಟಿನಿಂದ ಬಲಕ್ಕೆ ಹೋದರೆ ಬಸ್ ಸ್ಟ್ಯಾಂಡಿಗಿಂತ ಮೊದಲು ರೈಲು ಹಳಿ ಬರುತ್ತದೆ. ಜನ ಮೇಲಿನ ಸೇತುವೆ ಬಿಟ್ಟು ಹಳಿಗಳ ಮೇಲೇ ದಾಟುತ್ತಾರೆ. ಕಾಣುವ ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಪೊರೆ. ಅಷ್ಟು ಹೊತ್ತಿಗೆ ಹೊರಗೆಲ್ಲೋ ಒಂದು ಇಂಜಿನ್ ಕೂಗಿತು. ದಿನಾ ಕೇಳುವ ಕೂಗು.

ಗಂಡ ಹಳಿಯ ಕಡೆಗೇ ಹೋದರು. ಸ್ವಲ್ಪ ಹೊತ್ತಿಗೆ ಅವರ ಫೋನು ಬಂತು. ಎತ್ತಲು ಕೈ ಬರಲಿಲ್ಲ. ಕಾಕು ಎತ್ತಿ ನನ್ನ ಕಿವಿಗೆ ಹಿಡಿದರು.

“ಇಲ್ಲೆ ಏನೂ ಆಗಿಲ್ಲ. ಪೊಲೀಸರಿಗೆ ತಿಳಸೂನು. ಕ್ಯಾಮೆರಾದಾಗಿಂದ ಅವರದೊಂದು ಫೋಟೋ ತಗದ ಕಳಸು.”

ರಿಮೋಟು ಹಿಡಿದು ಚಿತ್ರವನ್ನು ಹಿಂದಕ್ಕೆ ಓಡಿಸಿದೆ. ಗಡಿಬಿಡಿಯಲ್ಲಿ ಗುಂಡಿ ಒತ್ತಿದ್ದು ಹೆಚ್ಚಾಯಿತು. ಅಪ್ಪನನ್ನು ದಾಟಿ ಚಿತ್ರ ಎಲ್ಲೋ ಹಿಂದೆ ಹೋಗಿ ನಿಂತಿತು. ಅಲ್ಲಿ ನಾನೇ ಇದ್ದೆ. ಮೈಮೇಲಿದ್ದ ಇದೇ ಸೀರೆ, ಹೆಗಲಿಗೆ ಶಾಲೆಯ ಚೀಲ, ಗೇಟಿನ ಮೇಲೆ ಹರಡಿದ ಬಿಸಿಲು. ಮೂಲೆಯಲ್ಲಿ ವೇಳೆ ನಾಲ್ಕೂವರೆ.

ಮೊದಲು ಅರ್ಥವಾಗಲಿಲ್ಲ. ಬೆಳಗಿನ ನಾಲ್ಕೂವರೆಗೆ ಬಿಸಿಲೆಲ್ಲಿಂದ ಬಂತು? ನಾನು ಮನೆ ಬಿಟ್ಟದ್ದು ಏಳೂವರೆಗೆ. ಈಗ ನೇರವಾಗಿ ಬರುತ್ತಿದ್ದ ಚಿತ್ರಕ್ಕೆ ಹೋಗಿ ನೋಡಿದೆ. ಗೋಡೆಯ ಗಡಿಯಾರ ಎರಡು ಎನ್ನುತ್ತಿತ್ತು, ಪರದೆ ಹನ್ನೊಂದು ಎನ್ನುತ್ತಿತ್ತು. ಆ ವಾರ ಗಾಳಿ ಮಳೆಗೆ ಕರೆಂಟು ಮತ್ತೆ ಮತ್ತೆ ಹೋಗಿತ್ತು. ಹೋದಾಗಲೆಲ್ಲ ರೆಕಾರ್ಡರಿನ ಗಡಿಯಾರ ನಿಂತು, ಬಂದಾಗ ಬಿಟ್ಟಲ್ಲಿಂದ ಮುಂದೆ ನಡೆದಿತ್ತು. ಈಗ ಮೂರು ತಾಸು ಹಿಂದೆ ಬಿದ್ದಿತ್ತು.

“ಕಾಕು, ನೀವು ಹೇಳಿದ್ದ ಖರೆ ಐತ್ರಿ!” ಎಂದು ಕೂಗಿದೆ. ಅಪ್ಪ ಹೋದದ್ದು ಹನ್ನೆರಡೂವರೆಗೆ, ನಾನು ಬರುವುದಕ್ಕೆ ತುಸು ಮುಂಚೆ. ಇನ್ನೂ ಬಸ್ಸು ಕಾಯುತ್ತಿರಬಹುದು.

ಗಂಡನಿಗೆ ಫೋನಿನಲ್ಲೇ ಹೇಳುತ್ತ ರಸ್ತೆಗೆ ಓಡಿ ಬಸ್ ಸ್ಟ್ಯಾಂಡಿಗೆ ರಿಕ್ಷಾ ಹತ್ತಿದೆ. ಆದರೂ ಎದೆ ಹಗುರಾಗಲಿಲ್ಲ. ಹಳಿ ದಾಟಲು ಎಷ್ಟು ಹೊತ್ತು ಬೇಕು?

ಬಸ್ ಸ್ಟ್ಯಾಂಡಿನ ಕೊನೆಯ ಕಂಬದ ಬುಡದಲ್ಲಿ ಅಪ್ಪ ಕೂತಿದ್ದರು. ಚೀಲವನ್ನು ಎದೆಗೆ ಅವಚಿಕೊಂಡಿದ್ದರು. ಬಸ್ಸೊಂದು ಬಂದು ನಿಂತರೆ ಎದ್ದು, ಹಣೆಗೆ ಕೈ ಹಿಡಿದು ಬೋರ್ಡಿನತ್ತ ಮುಖ ಎತ್ತಿ, ಮತ್ತೆ ಕೂರುತ್ತಿದ್ದರು.

“ಅಪ್ಪಾ,” ಎಂದೆ.

“ಬಂದ್ಯಾ ಅವ್ವಾ? ಆರಗದ ಬಸ್ ಯಾವುದು ನೋಡು. ಬೋರ್ಡ್ ಕಾಣವಲ್ದು.”

“ಯಾರನ್ನಾರ ಕೇಳಬಾರದೇನ್ರಿ?”

“ಕೇಳಿದ್ರ, ಇಂಥಾ ಕಣ್ಣ ಇಟಗೊಂಡು ಒಬ್ಬಾಂವ ಯಾಕ ಬಂದಿ ಅಂತಿದ್ರು.”

ಪಕ್ಕದಲ್ಲಿ ಕೂತೆ. ಅವರ ಅಂಗಿ ಬೆವರಿಗೆ ಒದ್ದೆಯಾಗಿತ್ತು.

“ಯಾಕ ಹೊಂಟಿದ್ರಿ, ಹೇಳ್ರಿ.”

ನೆಲ ನೋಡುತ್ತ ಹೇಳಿದರು. “ನಿನ್ನೆ ಫೋನ್‌ನ್ಯಾಗ ನಿನ್ನ ತಮ್ಮಗ ಇನ್ನೊಂದು ಕಣ್ಣೂ ಲಗೂನ ಮಾಡಸೂನು ಅಂದಿ. ನನಗ ಆಗೂದಿಲ್ಲವಾ. ಮಾರಿ ಮ್ಯಾಲೆ ಅರಿವಿ ಹಾಕತಾರ, ಎಚ್ಚರ ಇರತೈತಿ, ಎಲ್ಲಾ ಕೇಳತೈತಿ. ಅಲ್ಲಾಡಿದ್ರ ಕಣ್ಣ ಹೋಗತೈತಿ ಅಂದಿದ್ರು. ಉಸರ ಸುದ್ದಾ ಬಿಗಿ ಹಿಡಿದಿದ್ದೆ. ಅಂಜಿಕಿ ಆಗತೈತಿ.”

ಹೊಲದಲ್ಲಿ ಹಾವು ಎದ್ದರೆ ಕೋಲಿನಲ್ಲಿ ಎತ್ತಿ ಬೇಲಿಯಾಚೆ ಹಾಕುತ್ತಿದ್ದ ಮನುಷ್ಯ. ಅವರ ಬಾಯಿಂದ ಆ ಮಾತನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

“ನೀವು ಹೂಂ ಅನ್ನೂತನಕ ಯಾರೂ ಮಾಡಸೂದಿಲ್ಲ. ಮನಿಗೆ ನಡೀರಿ,” ಎಂದೆ.

ಗಂಡ ಬಂದು ನಮ್ಮಿಬ್ಬರನ್ನೂ ನೋಡಿ ಸ್ಕೂಟರಿನ ಹಿಡಿಕೆಯ ಮೇಲೆ ತಲೆ ಊರಿ ನಿಂತುಬಿಟ್ಟರು.

ಸಂಜೆ ಅವರು ರೆಕಾರ್ಡರಿನ ವೇಳೆ ಸರಿಮಾಡಿದರು. ಮರುದಿನ ಕರೆಂಟು ಹೋಗಿ ಬಂದ ಮೇಲೆ ಅದು ಮತ್ತೆ ಹಿಂದೆ ಬಿತ್ತು. ಇಂಟರ್‌ನೆಟ್ಟಿನಿಂದ ವೇಳೆ ತೆಗೆದುಕೊಳ್ಳುವಂತೆ ಮಾಡಿದರೆ, ನಮ್ಮ ದೇಶವನ್ನು ಆರಿಸಿರದ ಕಾರಣ ನಿಜವಾದ ವೇಳೆಗಿಂತ ಐದೂವರೆ ತಾಸು ಹಿಂದಕ್ಕೆ ಹಾರಿತು. ಅದನ್ನೂ ಆರಿಸಿ, ರಿಪೇರಿಯವನನ್ನು ಕರೆಸಿ ಒಳಗಿದ್ದ ನಾಣ್ಯದಷ್ಟು ಸಣ್ಣ ಬ್ಯಾಟರಿ ಬದಲಿಸಿದ ಮೇಲೆಯೇ ಗಡಿಯಾರ ಸರಿಹೋಯಿತು. ಕಾಕುವಿನ ಬಳಿ ಗಂಡ ಕ್ಷಮೆ ಕೇಳಿದರು. “ಬಾಬಾ ಸಿಕ್ಕರಲ್ಲ, ಅಷ್ಟ ಸಾಕು,” ಎಂದು ಕಾಕು ಚಹಾ ಇಟ್ಟರು.

ನನಗೆ ಮಾತ್ರ ಹೆದರಿಕೆ ಹೋಗಲಿಲ್ಲ. ಶಾಲೆಯಲ್ಲಿ ಪಾಠದ ನಡುವೆ ಫೋನು ಅಲುಗಿದರೆ ಸಾಕು, ಸೀಮೆಸುಣ್ಣ ಕೈಯಿಂದ ಜಾರುತ್ತಿತ್ತು.

ದೀಪಾವಳಿ ಕಳೆದ ಮೇಲೆ ಅಪ್ಪ ತಾವಾಗಿಯೇ, “ಇನ್ನೊಂದೂ ಮಾಡಸಿಬಿಡೂನು,” ಎಂದರು. ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಒಳಗೆ ಕರೆದೊಯ್ಯುವಾಗ ಬಾಗಿಲವರೆಗೆ ನನ್ನ ಕೈ ಬಿಡಲಿಲ್ಲ.

“ನಿನ್ನ ಕೈ ಯಾಕವಾ ಇಷ್ಟು ತಣ್ಣಗಾಗೇತಿ?” ಎಂದು ಕೇಳಿ, ನನ್ನ ಅಂಗೈಯನ್ನು ಎರಡೂ ಕೈಗಳ ನಡುವೆ ಇಟ್ಟುಕೊಂಡು ತಿಕ್ಕತೊಡಗಿದರು.