ಸೀದ ಅನ್ನದ ಘಮ

ಕಾಫಿ ಸೀಮೆಯಲ್ಲಿ ಹುಟ್ಟಿದವನು ಟೀ ರುಚಿ ನೋಡಿ ಹೊಟ್ಟೆ ಹೊರೆಯುತ್ತಾನೆ ಎಂದು ಸಕಲೇಶಪುರದ ನೆಂಟರು ಈಗಲೂ ನಗುತ್ತಾರೆ. ನಗಲಿ. ಕೊಚ್ಚಿಯಲ್ಲಿ ಹರಾಜಿಗೆ ಬರುವ ಟೀಯನ್ನು ಮೊದಲು ನಮ್ಮಂಥವರು ಪರೀಕ್ಷಿಸಿ, ಇದು ಇಂಥ ಗುಣದ್ದು, ಇದಕ್ಕೆ ಇಂಥ ದೋಷವಿದೆ ಎಂದು ಹೇಳಬೇಕು. ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟಲುಗಳ ಸಾಲು. ಚಮಚದಿಂದ ಸೊರ್ರೆಂದು ಎಳೆದುಕೊಂಡು, ಬಾಯಲ್ಲಿ ಆಡಿಸಿ, ಉಗುಳಿ, ಮುಂದಿನ ಬಟ್ಟಲಿಗೆ ಹೋಗುವುದು. ಬೇರೆ ಯಾರಾದರೂ ಹೀಗೆ ಸದ್ದು ಮಾಡಿ ಟೀ ಹೀರಿದರೆ ಅಸಹ್ಯ, ನಾವು ಮಾಡಿದರೆ ವಿದ್ಯೆ.

ರುಚಿ ನೋಡುವುದು ನಾಲಗೆ ಎಂದು ಜನ ತಿಳಿದಿದ್ದಾರೆ. ನಾಲಗೆಗೆ ಗೊತ್ತಾಗುವುದು ಕಹಿ, ಒಗರು ಇಷ್ಟೇ. ಹೊಗೆ ಹಿಡಿದಿದೆಯೋ, ಮುಗ್ಗಿದೆಯೋ, ಒಣಗಿಸುವಾಗ ಸೀದಿದೆಯೋ ಎಂದು ಹೇಳುವುದೆಲ್ಲ ಮೂಗು. ಹೋದ ವರ್ಷ ಮಳೆಗಾಲದಲ್ಲಿ ಒಂದು ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ನನ್ನ ಮೂಗನ್ನೂ ಕರೆದುಕೊಂಡು ಹೋಯಿತು. ಕೋಪ ಮಾತ್ರ ಮೂಗಿನ ತುದಿಯಲ್ಲೇ ಉಳಿದಿತ್ತು.

ಇವತ್ತು ಬರಬಹುದು, ನಾಳೆ ಬರಬಹುದು ಎಂದು ಕಾದೆ. ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಅವಳು ಬ್ಯಾಂಕಿನವಳು, ತಿರುವನಂತಪುರದ ಹತ್ತಿರ ತುಂಬಾ ಎಂಬ ಊರಿನ ಶಾಖೆಗೆ ವರ್ಗವಾಗಿದ್ದಳು. ನಾನು ಕೊಚ್ಚಿಯಲ್ಲಿ ಒಬ್ಬನೇ. ಸಂಬಾರ ಪದಾರ್ಥದಿಂದ ಬಾಯಿ ಕೆಡಬಾರದೆಂದು ಬೆಳಿಗ್ಗೆ ಕೆಂಪಕ್ಕಿಯ ಗಂಜಿಗೆ ಉಪ್ಪು ಬಿಟ್ಟು ಬೇರೇನೂ ಹಾಕಿಕೊಳ್ಳದ ನಿಯಮ ನನ್ನದು. ಮೂಗು ಹೋದ ಮೇಲೂ ಆ ನಿಯಮ ಬಿಡಲಿಲ್ಲ. ಸತ್ತ ಮೂಗಿಗೆ ಪಥ್ಯ! ಯಾರಿಗಾಗಿ ಆ ನಾಟಕವಾಡುತ್ತಿದ್ದೆನೋ, ನೋಡುವವರಂತೂ ಮನೆಯಲ್ಲಿ ಯಾರೂ ಇರಲಿಲ್ಲ.

ಆಫೀಸಿನಲ್ಲಿ ನನ್ನ ಕೈಕೆಳಗೆ ಒಬ್ಬ ಹುಡುಗಿ ಇದ್ದಳು. ನಾನೇ ಕೆಲಸ ಕಲಿಸಿದವಳು. ವಲ್ಲಾರ್ಪಾಡಂ ದ್ವೀಪದ ಕಡೆಯವಳು. ಅವರ ಮನೆಯ ಗದ್ದೆ ಉಪ್ಪುನೀರಿನದು. ಮಳೆಗಾಲದಲ್ಲಿ ಉಪ್ಪು ತೊಳೆದುಹೋದಾಗ ಪೊಕ್ಕಾಳಿ ಭತ್ತ ಬೆಳೆಯುತ್ತಾರೆ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಹಿನ್ನೀರು ಬಿಟ್ಟು ಸಿಗಡಿ ಸಾಕುತ್ತಾರೆ. ಒಮ್ಮೆ ಹೊಸ ಅಕ್ಕಿಯ ಅನ್ನದ ಡಬ್ಬಿಯನ್ನು ನನ್ನ ಮುಂದೆ ಹಿಡಿದು, "ಸಾರೇ, ನಮ್ಮ ಗದ್ದೆ ವಾಸನೆ ನೋಡಿ" ಎಂದಳು. ನಾನು ಕಣ್ಣು ಮುಚ್ಚಿ "ಆಹಾ" ಎಂದೆ. ನನಗೆ ತಾಗಿದ್ದು ಬಿಸಿ ಹಬೆ ಮಾತ್ರ.

ರುಚಿ ನೋಡುವಾಗ ಅವಳು ನನಗಿಂತ ಒಂದು ಬಟ್ಟಲು ಮುಂದೆ, ನಾನು ಹಿಂದೆ. ಕಿರಿಯರು ಮೊದಲು ನೋಡುವುದು, ಹಿರಿಯರು ಕೊನೆಯ ಮಾತು ಹೇಳುವುದು ನಮ್ಮಲ್ಲಿಯ ಪದ್ಧತಿ. ಈ ಪದ್ಧತಿಯೇ ನನ್ನನ್ನು ಕಾಪಾಡಿತು. ಹೊಗೆ ಹಿಡಿದ ಟೀ ಬಾಯಿಗೆ ಬಿದ್ದರೆ ಅವಳ ಹುಬ್ಬು ಒಂದಾಗುತ್ತಿತ್ತು, ಸೀದಿದ್ದರೆ ತುಟಿ ಬಿಗಿಯುತ್ತಿತ್ತು, ಚೆನ್ನಾಗಿದ್ದರೆ ಉಗುಳಲು ಕೊಂಚ ತಡಮಾಡುತ್ತಿದ್ದಳು. ನಾನು ಅದನ್ನು ಕದ್ದು ನೋಡಿ, ಗಂಭೀರವಾಗಿ ಸೊರ್ರೆಂದು ಎಳೆದು, ದೊಡ್ಡ ದನಿಯಲ್ಲಿ ತೀರ್ಪು ಕೊಡುತ್ತಿದ್ದೆ. ನನ್ನ ಮೇಲೆ ಬೇರೆ ಕುರ್ಚಿಯಿಲ್ಲ. ನಾನು ಎದ್ದರೆ ಮಾತ್ರ ಅವಳಿಗೆ ಜಾಗ. ಇದು ಗೊತ್ತಿದ್ದೂ ಕೂತೇ ಇದ್ದೆ.

ಒಂದು ಭಾನುವಾರ ತಿರುವನಂತಪುರಕ್ಕೆ, ಹೆಂಡತಿಯ ಹತ್ತಿರ ಹೋದೆ. ವಯನಾಡಿನ ಸಹೋದ್ಯೋಗಿಯೊಬ್ಬರು ಗಂಧಸಾಲೆ ಅಕ್ಕಿ ಕೊಟ್ಟಿದ್ದಾರೆ, ನೀವು ಬರುವ ಹೊತ್ತಿಗೆ ಅನ್ನ ಮಾಡಿರುತ್ತೇನೆ ಎಂದು ಅವಳು ಫೋನಿನಲ್ಲಿ ಹೇಳಿದ್ದಳು. ಗಂಧಸಾಲೆ ಬೇಯುವಾಗ ಪಕ್ಕದ ಮನೆಗೂ ಘಮ ಹೋಗುತ್ತದೆ. ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, "ಏನೇ ಇದು, ಬೀದಿ ತುದಿಗೇ ಘಮಘಮ ಅಂತಿದೆ!" ಎಂದೆ.

ಅವಳು ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಮುಖ ಕೆಂಪಾಗಿತ್ತು.

"ಆಡ್ಕೋತಿದ್ದೀರೇನ್ರೀ? ಬ್ಯಾಂಕಿಂದ ಫೋನ್ ಬಂತು, ಮಾತಾಡ್ತಾ ಮರೆತೆ. ಅನ್ನ ತಳ ಹಿಡಿದು ಸೀದು ಕರಕಲಾಗಿದೆ. ಕಿಟಕಿಯೆಲ್ಲ ತೆಗೆದಿಟ್ರೂ ವಾಸನೆ ಹೋಗ್ತಿಲ್ಲ, ಎದುರು ಮನೆಯವ್ರು ಬಂದು ಕೇಳ್ಕೊಂಡು ಹೋದ್ರು."

ನಾನು ನಗಲು ನೋಡಿದೆ, ನಗು ಬರಲಿಲ್ಲ. ಅವಳ ಸಿಟ್ಟು ಮೆಲ್ಲನೆ ಇಳಿಯಿತು. ಒಳಗೆ ಹೋಗಿ ಪಾತ್ರೆಯನ್ನೇ ತಂದು ನನ್ನ ಮೂಗಿನ ಹತ್ತಿರ ಹಿಡಿದಳು. ಅನ್ನ ತಳದಲ್ಲಿ ಕಪ್ಪಗೆ ಅಂಟಿತ್ತು. ನಾನು ತಲೆ ತಗ್ಗಿಸಿದೆ.

"ಎಷ್ಟು ದಿನದಿಂದ?"

"ಆ ಜ್ವರ ಬಂದಾಗಿಂದ."

"ಅಯ್ಯೋ ದೇವ್ರೇ. ಮತ್ತೆ ಆಫೀಸಲ್ಲಿ ಹೇಗೆ ಮಾಡ್ತಿದ್ದೀರಿ?"

"ಆ ಹುಡುಗಿ ಮುಖ ನೋಡ್ಕೊಂಡು."

ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಪಾತ್ರೆಯನ್ನು ಕೆಳಗಿಟ್ಟು, "ಮೂಗು ಹೋದ್ರೆ ಯಾರೇನು ಮಾಡಕ್ಕಾಗತ್ತೆ, ಅದು ತಪ್ಪಲ್ಲ. ಆದ್ರೆ ಅವಳಿಗೆ ಸೇರಬೇಕಾದ್ದನ್ನ ನೀವು ತಿಂತಿದ್ದೀರಲ್ರೀ" ಎಂದಳು. ಆ ಮಾತು ಎದೆಗೆ ನಾಟಿತು. ಆಮೇಲೆ ಇಬ್ಬರೂ ಮಜ್ಜಿಗೆ ಅವಲಕ್ಕಿ ತಿಂದೆವು.

ಸೋಮವಾರ ಕಂಪನಿಯ ಯಜಮಾನರ ಕೋಣೆಗೆ ಹೋದೆ. ವಯಸ್ಸಾದ ಮಲಯಾಳಿ, ನನ್ನೊಡನೆ ಮಾತಾಡುವುದು ಇಂಗ್ಲಿಷಿನಲ್ಲಿ. ರೈಲಿನುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಬಾಗಿಲಲ್ಲೇ ಮರೆತುಹೋಯಿತು. ಮೂಗು ಹೋಗಿದೆ ಎಂದೆ. ಇಷ್ಟು ದಿನ ತೀರ್ಪು ಕೊಟ್ಟದ್ದು ನಾನಲ್ಲ, ಆ ಹುಡುಗಿ ಎಂದೂ ಹೇಳಿದೆ. ಅವರು ಬೆಚ್ಚಿಬೀಳಲಿಲ್ಲ. ಕನ್ನಡಕ ತೆಗೆದು ಒರೆಸುತ್ತ ಕೂತರು.

"ನನಗೆ ಗೊತ್ತಿತ್ತು" ಎಂದರು. "ಓಣಂ ಹೊತ್ತಿಗೇ ನನಗೆ ಅನುಮಾನ ಬಂದು ಅವಳನ್ನು ಕೇಳಿದೆ. ಹೌದು ಎಂದಳು. ಹಾಗಾದರೆ ನೀನೇ ಆ ಜಾಗಕ್ಕೆ ಬಾ ಎಂದೆ. ಸಾರ್ ತಾವಾಗಿ ಏಳುವ ತನಕ ಬೇಡ, ಅಲ್ಲಿಯವರೆಗೆ ನನ್ನ ಮುಖ ಅವರಿಗೆ ಕಾಣುವ ಹಾಗೆ ನಾನು ನೋಡಿಕೊಳ್ಳುತ್ತೇನೆ ಎಂದಳು."

ಕಾಣುವ ಹಾಗೆ! ನಾನು ಕದಿಯುತ್ತಿದ್ದೇನೆ ಎಂದುಕೊಂಡಿದ್ದ ಹುಬ್ಬು, ತುಟಿಗಳನ್ನು ಅವಳು ನನ್ನ ಕಡೆ ತಿರುಗಿ ತಿರುಗಿ ತೋರಿಸುತ್ತಿದ್ದಳು. ಚಿಕ್ಕ ಮಕ್ಕಳಿಗೆ ತುತ್ತು ತಿನ್ನಿಸುವಾಗ ತಾಯಿ ತಾನೂ ಬಾಯಿ ತೆರೆಯುವ ಹಾಗೆ. ನಾನೋ, ಅವಳು ಒಂದು ಬಟ್ಟಲಿನ ಮುಂದೆ ಹೆಚ್ಚು ಹೊತ್ತು ನಿಂತರೆ, ಬೇಗ ಮುಂದೆ ಸರಿ ಎಂದು ಎಲ್ಲರೆದುರು ಗದರುತ್ತಿದ್ದೆ. ಅವರ ಕೋಣೆಯಲ್ಲಿ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಆ ವಾರವೇ ಜಾಗ ಬದಲಾಯಿತು. ಈಗ ತೀರ್ಪು ಅವಳದು, ಬರೆದುಕೊಳ್ಳುವುದು ನಾನು. ಅವಳ ಹತ್ತಿರ ಕ್ಷಮೆ ಕೇಳಬೇಕೆಂದು ಹೋದಾಗಲೆಲ್ಲ, "ಸಾರೇ, ಚಾಯ ಕುಡಿಯೋಣ ಬನ್ನಿ" ಎಂದು ಮಾತು ಹಾರಿಸಿಬಿಡುತ್ತಾಳೆ.

ಮೊನ್ನೆ ನನ್ನ ಹಳೆಯ ಪರಿಚಯದ ಖರೀದಿದಾರರು ಬಂದಿದ್ದರು. ನಾನು ಪೆನ್ನು ಹಿಡಿದು ಮೂಲೆಯಲ್ಲಿ ನಿಂತದ್ದನ್ನು ಕಂಡು ಅವರ ಮುಖದಲ್ಲಿ ಪ್ರಶ್ನೆ ಎದ್ದಿತು. ಅವಳು ಅದನ್ನು ಗಮನಿಸಿದಳು. ಒಂದು ಬಟ್ಟಲು ರುಚಿ ನೋಡಿ, ಉಗುಳಿ, ನನ್ನತ್ತ ತಿರುಗಿದಳು.

"ಇದೊಂದು ನನಗೆ ಸರಿಯಾಗಿ ತಿಳೀತಿಲ್ಲ. ಸಾರ್ ಒಮ್ಮೆ ನೋಡ್ತೀರಾ?"

ನನಗೆ ವಾಸನೆ ತಿಳಿಯುವುದಿಲ್ಲ ಎಂದುಬಿಡಬೇಕಿತ್ತು. ಎಲ್ಲರೂ ಕಾಯುತ್ತಿದ್ದರು. ನಾನು ಪೆನ್ನು ಜೇಬಿಗೆ ಸಿಕ್ಕಿಸಿ, ಚಮಚ ತೆಗೆದುಕೊಂಡು, ಸೊರ್ರೆಂದು ಎಳೆದೆ, ಉಗುಳಿದೆ. ಬಿಸಿಯಾಗಿತ್ತು, ಒಗರಾಗಿತ್ತು.

"ಒಳ್ಳೆಯ ಟೀ" ಎಂದೆ.

ಖರೀದಿದಾರರು ತಲೆಯಾಡಿಸಿದರು. ನಾನು ಹೇಳಿದ್ದು ಸರಿಯೋ ತಪ್ಪೋ ಅವಳ ಮುಖದಲ್ಲಿ ಇದ್ದೇ ಇತ್ತು. ಆ ಕಡೆ ಕಣ್ಣೆತ್ತಿ ನೋಡುವ ಧೈರ್ಯ ನನಗೆ ಬರಲಿಲ್ಲ.