ಮಾವನ ಬೀಡಿಗೆ ಬೆಂಕಿ

ಆಗೆಲ್ಲ ನಮ್ಮ ಬೆಳುವಾಯಿಯಲ್ಲಿ ಮಧ್ಯಾಹ್ನದ ಗಂಜಿಯೂಟ ಮುಗಿದರೆ ಸಾಕು, ಹೆಂಗಸರು ಮಡಿಲಲ್ಲಿ ತಡ್ಪೆ ಎಂಬ ಮೊರ ಇಟ್ಟುಕೊಂಡು ಜಗಲಿಯಲ್ಲಿ ಬೀಡಿ ಕಟ್ಟಲು ಕೂರುತ್ತಿದ್ದರು. ನೆನೆಸಿದ ಎಲೆಯ ವಾಸನೆ, ಹೊಗೆಸೊಪ್ಪಿನ ಹುಡಿಯ ಘಾಟು. ಅದನ್ನು ನೆನೆದು ಕಣ್ಣೊರೆಸಿಕೊಳ್ಳುವವರು ಒರೆಸಿಕೊಳ್ಳಲಿ, ನನಗೆ ಈಗಲೂ ಮೈ ಉರಿಯುತ್ತದೆ.

ಅಮ್ಮನ ಅಣ್ಣ, ನಮ್ಮ ದೊಡ್ಡ ಮಾವ, ಮನೆಯ ಯಜಮಾನರು. ಕೂತಲ್ಲಿಂದ ಏಳುವ ಜಾತಿಯಲ್ಲ. ಬೀಡಿಗೆ ಒಲೆಯಿಂದ ಬೆಂಕಿ ತಾಗಿಸಿ ತರಲು ನನ್ನ ತಮ್ಮ ದಿನೇಶನನ್ನು ಅಟ್ಟುತ್ತಿದ್ದರು. ಅವನಿಗೆ ಐದು ವರ್ಷ. ದಾರಿಯಲ್ಲಿ ಆರಬಾರದೆಂದು ಎರಡು ದಮ್ಮು ಎಳೆದೇ ತರಬೇಕು, ಅದು ಅಪ್ಪಣೆ. ಹುಡುಗ ಕೆಮ್ಮಿ ಕೆಮ್ಮಿ ಕಣ್ಣು ಕೆಂಪು ಮಾಡಿಕೊಂಡು ಬಂದರೆ ಜಗಲಿಯಿಡೀ ನಗು. ಒಂದು ದಿನ ಅವನು ಕೆಮ್ಮಲಿಲ್ಲ, ಮೂಗಿನಲ್ಲಿ ಹೊಗೆ ಬಿಟ್ಟ.

“ಗಂಡಸಾದ ನೋಡಿ” ಎಂದು ಮಾವ ಬೆನ್ನು ತಟ್ಟಿ ಒಂದು ತುಂಡು ಬೆಲ್ಲ ಕೊಟ್ಟರು. ಅಜ್ಜಿ ದೃಷ್ಟಿ ತೆಗೆದರು. ಅಮ್ಮ ಮೆಲ್ಲಗೆ ಬೇಡವೆಂದದ್ದಕ್ಕೆ, ಬೀಡಿಯ ಅನ್ನ ತಿಂದು ಬೀಡಿಗೆ ಹೇಸುವುದಾ ಎಂದು ಮಾವ ಗದರಿದರು. ಎಂಥ ತತ್ತ್ವಜ್ಞಾನ ಮಾರಾಯ್ರೆ! ನಾನೇನೂ ಸಾಚಾ ಅಲ್ಲ. ಆಗ ನನಗೆ ಹತ್ತು ವರ್ಷ, ಎಲ್ಲರಿಗಿಂತ ಗಟ್ಟಿಯಾಗಿ ಚಪ್ಪಾಳೆ ಹೊಡೆದವಳು ನಾನೇ.

ದಿನೇಶನಿಗೆ ಎಂಟನೇ ಕ್ಲಾಸಿಗೆ ಗುಟ್ಕಾ, ಮೂಡಬಿದಿರೆಯ ಕಾಲೇಜಿಗೆ ಹೋಗುವಾಗ ಬಾಟಲಿ. ಈಗ ಅವನಿಗೆ ಮೂವತ್ತಾರು. ಕುಡಿತ ಬಿಡಿಸುವ ಆಸ್ಪತ್ರೆಗೆ ಎರಡು ಸಲ ಹೋಗಿ ಬಂದಿದ್ದಾನೆ, ಚಾ ಕುಡಿಯುವಾಗ ಕೈ ನಡುಗುತ್ತದೆ. ಮಾವ ಮಾತ್ರ ಎಂಬತ್ತೆರಡಕ್ಕೂ ಗುಂಡುಕಲ್ಲಿನ ಹಾಗಿದ್ದಾರೆ. ಎಲ್ಲ ಸಹವಾಸದೋಷ, ನಮ್ಮ ಕುಟುಂಬದಲ್ಲಿ ಇಂಥದ್ದಿರಲಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಾರೆ. ನಾಚಿಕೆ ಎಂಬುದು ಒಂದು ಉಂಟಲ್ಲ, ಅದು ಅವರ ಹತ್ತಿರವೂ ಸುಳಿದಿಲ್ಲ.

ಹೋದ ತಿಂಗಳು ದಿನೇಶನ ನಾಲ್ಕು ವರ್ಷದ ಮಗ ಅಪ್ಪನ ಗ್ಲಾಸಿನ ತಳ ನೆಕ್ಕಿದ. ಮಾವ ಬಿದ್ದು ಬಿದ್ದು ನಕ್ಕರು. ಅದೇ ಸಂಜೆ ದಿನೇಶನ ಹೆಂಡತಿ ಮಗುವನ್ನು ಎತ್ತಿಕೊಂಡು ಕಕ್ಕಿಂಜೆಯ ತವರಿಗೆ ಹೊರಟುಹೋದಳು. ಗಂಡನನ್ನು ಬಿಟ್ಟು ಹೋದವಳೆಂದು ಮನೆಯವರೆಲ್ಲ ಬೈದರು. ನಾನೂ ಬೈಯಲು ಬಾಯಿ ತೆರೆದೆ. ದಿನೇಶ ತಡೆದ.

“ಅವಳು ಮಾಡಿದ್ದು ಸರಿ ಅಕ್ಕ. ನನ್ನನ್ನೂ ಯಾರಾದರೂ ಹಾಗೆ ಎತ್ತಿಕೊಂಡು ಹೋಗಬೇಕಿತ್ತು.”

ಐದು ವರ್ಷದ ಅವನು ಮಹಾ ಎಷ್ಟು ಭಾರವಿದ್ದ? ದಿನವೂ ಸೊಂಟದಲ್ಲಿ ಕೂರಿಸಿಕೊಂಡು ತೋಡಿನ ನೀರಿನವರೆಗೆ ಹೋಗಿ ಬರುತ್ತಿದ್ದವಳು ನಾನೇ.